ಗಲ್ಲಾದಡಿಯ ಪಿಸ್ತೂಲು ನಮಗೆ ಬೇಡ: ಚಿನ್ನ–ಬೆಳ್ಳಿ ವರ್ತಕರ ಸಂಘದ ಖಂಡನಾ ಹೇಳಿಕೆ

2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ತುಂಬಲು ತಂದಿದ್ದ ಹಣಕ್ಕಾಗಿ ದರೋಡೆಕೋರರು ಹಾಡಹಗಲೇ ಗುಂಡು ಹಾರಿಸಿದರು. ದುಡಿಯಲು ಬಂದಿದ್ದ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಹಣದ ಪೆಟ್ಟಿಗೆ ಬೈಕಿನ ಮೇಲೆ ಹೋಯಿತು. ಮರುದಿನ ಮಂಗಳೂರಿನ ಬಳಿಯ ಕೋಟೆಕಾರಿನಲ್ಲಿ ಮುಸುಕುಧಾರಿಗಳು ಸಹಕಾರಿ ಬ್ಯಾಂಕಿಗೆ ನುಗ್ಗಿ ಜನ ಅಡವಿಟ್ಟಿದ್ದ ಚಿನ್ನವನ್ನು ದೋಚಿದರು. ಈ ಕೃತ್ಯಗಳನ್ನೂ, ಇಂಥ ಪ್ರತಿಯೊಂದು ದರೋಡೆಯನ್ನೂ ನಮ್ಮ ಸಂಘ ಉಗ್ರವಾಗಿ ಖಂಡಿಸುತ್ತದೆ.

ಇದರ ಜೊತೆಗೇ ಇನ್ನೊಂದನ್ನೂ ಅಷ್ಟೇ ಖಡಾಖಂಡಿತವಾಗಿ ಖಂಡಿಸಬೇಕಾಗಿ ಬಂದಿದೆ. 'ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಪ್ರತಿ ಅಂಗಡಿಯಲ್ಲೂ ಒಂದು ಪಿಸ್ತೂಲು ಬಚ್ಚಿಟ್ಟುಕೊಂಡಿರೋಣ, ಲೈಸೆನ್ಸ್ ಸಿಕ್ಕರೆ ಸರಿ, ಸಿಗದಿದ್ದರೂ ಸರಿ' ಎಂಬ ಮಾತು ವರ್ತಕರ ನಡುವೆ ಹರಿದಾಡುತ್ತಿದೆ. ಭಯದಿಂದ ಹುಟ್ಟಿದ ಈ ಮಾತಿನ ನೋವು ನಮಗೆ ಅರ್ಥವಾಗುತ್ತದೆ. ಆದರೆ ಈ ಕರೆಗೆ ಸಂಘದ ಒಪ್ಪಿಗೆ ಇಲ್ಲ.

ಈ ವಾದಕ್ಕೆ ಪುರಾವೆಯಾಗಿ ತೋರಿಸುವುದು ಅಮೆರಿಕದ ವಿಡಿಯೊಗಳನ್ನು. 2023ರ ಜನವರಿ 5ರ ರಾತ್ರಿ ಟೆಕ್ಸಸ್‌ನ ಹ್ಯೂಸ್ಟನ್ ನಗರದ ಹೋಟೆಲೊಂದರಲ್ಲಿ ನಡೆದದ್ದು ಅವುಗಳಲ್ಲೊಂದು. ಮುಸುಕು ಹಾಕಿಕೊಂಡು ಬಂದವನು ಊಟಕ್ಕೆ ಕೂತಿದ್ದವರಿಂದ ಹಣ ಕಿತ್ತುಕೊಂಡ. ಅವನು ಬಾಗಿಲ ಕಡೆ ತಿರುಗುತ್ತಿದ್ದಂತೆ ಗಿರಾಕಿಯೊಬ್ಬ ಅಡಗಿಸಿಟ್ಟುಕೊಂಡಿದ್ದ ಪಿಸ್ತೂಲು ತೆಗೆದು ಹೊಡೆದ. ಒಂದಲ್ಲ ಎರಡಲ್ಲ, 9 ಗುಂಡು. ಸತ್ತವನ ಕೈಯಲ್ಲಿದ್ದದ್ದು ನಿಜವಾದ ಪಿಸ್ತೂಲಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅಲ್ಲಿನ ಗ್ರ್ಯಾಂಡ್ ಜ್ಯೂರಿ ಗುಂಡು ಹಾರಿಸಿದವನ ಮೇಲೆ ದೋಷಾರೋಪ ಹೊರಿಸಲಿಲ್ಲ, ನಿಜ. ಆದರೆ ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಕೈಬಂದೂಕು ಒಯ್ಯಲು ಬಹುಪಾಲು ವಯಸ್ಕರಿಗೆ ಪರವಾನಗಿಯೇ ಬೇಕಿಲ್ಲ. ಅಲ್ಲಿನ ಕಾನೂನು ಬೇರೆ, ನಮ್ಮ ಕಾನೂನು ಬೇರೆ.

ಪಿಸ್ತೂಲು ಹಿಡಿದ ನಾಗರಿಕ ಎಂದೂ ಯಾರನ್ನೂ ಉಳಿಸಿಲ್ಲ ಎಂದು ನಾವು ಹೇಳುವುದಿಲ್ಲ. 2022ರ ಜುಲೈನಲ್ಲಿ ಇಂಡಿಯಾನಾದ ಗ್ರೀನ್‌ವುಡ್‌ನ ಮಾಲ್‌ನಲ್ಲಿ ಜನರ ಮೇಲೆ ಗುಂಡಿನ ಮಳೆಗರೆಯುತ್ತಿದ್ದವನನ್ನು 22 ವರ್ಷದ ಯುವಕನೊಬ್ಬ ಕ್ಷಣಗಳಲ್ಲೇ ನೆಲಕ್ಕುರುಳಿಸಿದ. ಅದಕ್ಕೂ ಒಂದು ವರ್ಷ ಮುಂಚೆ, 2021ರ ಜೂನ್‌ನಲ್ಲಿ, ಕೊಲೊರಾಡೋದ ಅರ್ವಾಡಾದಲ್ಲಿ ಇನ್ನೊಬ್ಬ ಇದೇ ಸಾಹಸ ಮಾಡಿದ್ದ. ಪೊಲೀಸ್ ಅಧಿಕಾರಿಯನ್ನು ಕೊಂದವನನ್ನು ಹೊಡೆದುರುಳಿಸಿ, ಅವನ ಬಂದೂಕನ್ನು ಕೈಗೆತ್ತಿಕೊಂಡಿದ್ದ. ಆಗ ಅಲ್ಲಿಗೆ ಬಂದ ಪೊಲೀಸನಿಗೆ ಕಂಡದ್ದು ಬಂದೂಕು ಹಿಡಿದು ನಿಂತ ಒಬ್ಬ ಮನುಷ್ಯ, ಅಷ್ಟೇ. ಜನರನ್ನು ಕಾಪಾಡಿದವನು ಪೊಲೀಸರ ಗುಂಡಿಗೇ ಬಲಿಯಾದ. ಎರಡನೆಯ ಈ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇನ್ನು ನಮ್ಮ ಅಂಗಡಿಗಳನ್ನು ನೋಡಿ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಮೂರು ಕಡೆ ಗಾಜು, ಗೋಡೆಗೆ ಕನ್ನಡಿ. ಕೌಂಟರಿನ ಆಚೆ ಮಗಳ ಮದುವೆಗೆ ತಾಳಿ ಆರಿಸುತ್ತಿರುವ ತಾಯಿ, ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿರುವ ಮಗು, ಸವೆದ ಬಳೆ ಬದಲಾಯಿಸಲು ಬಂದ ಅಜ್ಜಿ. ಈಚೆ ತಕ್ಕಡಿ ಮುಂದೆ ಕೂತ ಹುಡುಗ. ಇಂಥ ಜಾಗದಲ್ಲಿ ಕೈ ನಡುಗುತ್ತಾ ಹಾರಿಸಿದ ಗುಂಡು ಕಳ್ಳನನ್ನೇ ಹುಡುಕಿಕೊಂಡು ಹೋಗುತ್ತದೆಯೇ? ಮಾಲೀಕನ ಕೈ ಗಲ್ಲಾದ ಕೆಳಗೆ ಹೋಗುತ್ತದೆ ಎಂಬ ಅನುಮಾನ ಬಂದರೂ ಸಾಕು, ಹೆದರಿಸಲೆಂದು ಬಂದವನು ಕೊಂದೇ ಹೋಗುತ್ತಾನೆ.

ಕಾನೂನು ನಮ್ಮನ್ನು ಕೈಕಟ್ಟಿ ನಿಲ್ಲಿಸಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿವೆ. ದರೋಡೆಯ ಹೊತ್ತಿನಲ್ಲಿ ಆ ಹಕ್ಕು ದಾಳಿಕೋರನ ಜೀವ ತೆಗೆಯುವವರೆಗೂ ಹೋಗಬಹುದು ಎಂದು 41ನೇ ಕಲಮು ಹೇಳುತ್ತದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿ 37ನೇ ಕಲಮಿನಲ್ಲಿದೆ. ಜೀವಭಯ ಕಳೆದು, ಕಳ್ಳ ಬೆನ್ನು ತಿರುಗಿಸಿ ಓಡುತ್ತಿರುವಾಗ ಹಾರಿಸಿದ ಗುಂಡಿಗೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದವರು ನಾವೇ. ಪರವಾನಗಿ ಇಲ್ಲದ ನಾಡಪಿಸ್ತೂಲು ಇಟ್ಟುಕೊಂಡರಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಜೈಲುವಾಸ ಕಾದಿರುತ್ತದೆ. ಆ ಪಿಸ್ತೂಲು ಮಾರುವವನೂ ದರೋಡೆಕೋರನಿಗೆ ಮಾರಿದವನೂ ಒಬ್ಬನೇ ಎಂಬುದನ್ನು ಸದಸ್ಯರು ಮರೆಯಬಾರದು.

'ಕೊಡಗಿನವರ ಮನೆಯಲ್ಲಿ ಕೋವಿ ಇಲ್ಲವೇ?' ಎಂದು ಕೇಳುವವರಿದ್ದಾರೆ. ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಪರಂಪರೆಯಿಂದ ಬಂದದ್ದು. ಕೈಲ್ ಮುಹೂರ್ತದಂದು ಹೂವಿಟ್ಟು ಪೂಜೆ ಮಾಡುವ ಆ ಕೋವಿ ಊರಿಗೆಲ್ಲ ಕಾಣುವಂತೆ ಇರುತ್ತದೆ. ಜುಬ್ಬದೊಳಗೆ ಬಚ್ಚಿಟ್ಟ ಪಿಸ್ತೂಲಿಗೆ ಅದನ್ನು ಹೋಲಿಸುವುದು ಸಲ್ಲದು.

ಕೋಟೆಕಾರಿನ ಪ್ರಕರಣದಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ ತಮಿಳುನಾಡಿನವರೆಗೆ ಬೆನ್ನಟ್ಟಿ ಆರೋಪಿಗಳನ್ನು ಹಿಡಿದರು. ದೋಚಿದ್ದ ಚಿನ್ನದ ಬಹುಪಾಲು ಮರಳಿ ಸಿಕ್ಕಿತು. ಬೀದರ್‌ನಲ್ಲಿ ಹೋದ ಜೀವವನ್ನು ಯಾವ ತನಿಖೆಯೂ ತಂದುಕೊಡಲಾರದು. ಒರೆಗಲ್ಲಿಗೆ ಉಜ್ಜಿ ಬೆಲೆ ಕಟ್ಟುವ ಕಸುಬಿನ ನಮಗೆ ಇವೆರಡರ ತೂಕ ಗೊತ್ತಿರಬೇಕು.

ಆದ್ದರಿಂದ ಸಂಘವು ಈ ಕೆಳಗಿನಂತೆ ನಿರ್ಣಯಿಸಿದೆ:

1. ಯಾವ ಸದಸ್ಯರೂ ಅಕ್ರಮ ಆಯುಧ ಇಟ್ಟುಕೊಳ್ಳಬಾರದು. ಇಟ್ಟುಕೊಂಡವರ ಪರವಾಗಿ ಸಂಘ ನಿಲ್ಲುವುದಿಲ್ಲ.

2. ದರೋಡೆಯಾದರೆ ಮೊದಲು ಗಿರಾಕಿಗಳ ಮತ್ತು ನೌಕರರ ಜೀವ ನೋಡಿ. ಕೇಳಿದ್ದನ್ನು ಕೊಡಿ, ಮುಖ, ಮಾತು, ವಾಹನವನ್ನು ಗಮನಿಸಿ, ಬೆನ್ನಟ್ಟಬೇಡಿ, ತಕ್ಷಣ 112ಕ್ಕೆ ಕರೆ ಮಾಡಿ.

3. ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲುವ, ತರಬೇತಿ ಪಡೆದ ಗನ್‌ಮ್ಯಾನ್‌ಗೆ ಸಂಘದ ವಿರೋಧವಿಲ್ಲ. ಚಿಕ್ಕ ಅಂಗಡಿಗಳು ಬೀದಿಗೊಬ್ಬರಂತೆ ಸೇರಿ ನೇಮಿಸಿಕೊಳ್ಳಲು ಸಂಘ ನೆರವಾಗುತ್ತದೆ.

4. ಚಿನ್ನದ ಪೇಟೆಗಳಲ್ಲಿ ಅಂಗಡಿ ತೆರೆಯುವ ಮತ್ತು ಷಟರ್ ಎಳೆಯುವ ಹೊತ್ತಿಗೆ ಪೊಲೀಸ್ ಗಸ್ತು ಕಡ್ಡಾಯವಾಗಬೇಕು. ಹಣ ಸಾಗಿಸುವ ವಾಹನಗಳಿಗೆ 2018ರಲ್ಲಿ ರೂಪಿಸಿದ ಕೇಂದ್ರದ ನಿಯಮಗಳು ಕಾಗದದಲ್ಲೇ ಉಳಿಯದೆ ಜಾರಿಗೆ ಬರಬೇಕು. ನಾಡಪಿಸ್ತೂಲುಗಳು ರಾಜ್ಯಕ್ಕೆ ಬರುವ ದಾರಿಯನ್ನು ಮುಚ್ಚಬೇಕು. ಇವು ಸರ್ಕಾರದ ಮುಂದೆ ನಮ್ಮ ಆಗ್ರಹ.

ರಕ್ಷಣೆ ಕೊಡುವ ಹೊಣೆ ಸರ್ಕಾರದ್ದು. ಪಿಸ್ತೂಲು ಹುಡುಕಿಕೊಂಡು ಹೋಗುವ ವರ್ತಕ ಆ ಹೊಣೆಯಿಂದ ಸರ್ಕಾರವನ್ನು ಬಿಡುಗಡೆ ಮಾಡುತ್ತಾನೆ. ಅದಕ್ಕೆ ನಾವು ಸಿದ್ಧರಿಲ್ಲ. 'ಬನ್ನಿ, ಕೂತ್ಕೊಳ್ಳಿ' ಎಂದು ಕರೆದು ಕೂರಿಸಿದ ಗಿರಾಕಿ ಕ್ಷೇಮವಾಗಿ ಮೆಟ್ಟಿಲಿಳಿಯುವವರೆಗೆ ಅವರ ಜೀವ ನಮ್ಮ ಸುಪರ್ದಿಯಲ್ಲಿರುತ್ತದೆ.

ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಕಾರ್ಯಕಾರಿ ಸಮಿತಿಯ ಸರ್ವ ಸದಸ್ಯರು