ತೇಪೆ ಹಾಕಿದ ಕೂಲಿ ಯಾರು ಕೊಡ್ತಾರೆ?



ನಿಮ್ಮ ಮನೆಯೊಳಗೇ ಒಂದು ಸುತ್ತು ಹಾಕಿ ನೋಡಿ. ಪ್ಲಾಸ್ಟಿಕ್ ಬಿಂದಿಗೆ ಸೀಳಿದ್ದಕ್ಕೆ ಕುಡುಗೋಲಿನ ತುದಿ ಕಾಯಿಸಿ, ಒಡೆದ ಮಗ್ಗಿನ ಚೂರು ಕರಗಿಸಿ ಮೆತ್ತಿದ್ದೀರಿ. ಹವಾಯಿ ಚಪ್ಪಲಿಯ ಬಾರಿಗೆ ಪಿನ್ನು. ಕುಕ್ಕರಿನ ಹಿಡಿಗೆ ತಂತಿ. ಸೋರುವ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ. ತಗಡಿನ ಬಕೀಟಿನ ತೂತಿಗೆ ಟಾರು. ಗೊಬ್ಬರದ ಚೀಲವೇ ಮಳೆಗಾಲದ ಗೊಪ್ಪೆ. ಹರಿದ ಸೀರೆ, ಪಂಚೆಯೆಲ್ಲ ಸೇರಿ ಕೌದಿ.

ಇದನ್ನು ಕಂಡು ಪಟ್ಟಣದ ಜನ, "ಹಳ್ಳಿಯವರು ಏನನ್ನೂ ಬಿಸಾಡೋದಿಲ್ಲ, ಎಂಥಾ ಜಾಣರು!" ಅಂತಾರೆ. ಜಾಣತನ ನಿಜ, ಅದನ್ನು ಬಿಡೋದು ಬೇಡ. ಆದರೆ ಹೊಸ ಬಿಂದಿಗೆ ತರಬಾರದು ಅಂತ ನಮಗೇನು ವ್ರತವೇ? ತರೋಕೆ ಕೈಯಲ್ಲಿ ಕಾಸು ಉಳಿಸದವರು ಯಾರು, ಅದನ್ನು ಕೇಳಬೇಕು.

ಲೆಕ್ಕ ನೋಡಿ. 1965ರಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು. ಬೀಜ, ಗೊಬ್ಬರ, ಕೂಲಿ, ಸಲಕರಣೆಯ ಸವಕಳಿ ಇಂಥ ಕೈಯಿಂದ ಹೋದ ಖರ್ಚಿಗೆ ಈಗ ಅದು ಎ2 ಅನ್ನುತ್ತದೆ. ಮನೆಯವರು ಹೊಲದಲ್ಲಿ ದುಡಿದದ್ದು ಸೇರಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ಸಿ2. ಖರ್ಚಿನ ಮೇಲೆ ಕನಿಷ್ಠ ಶೇಕಡ 50 ಹೆಚ್ಚು ಕೊಡಿ ಎಂದು ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. ನಾವು ಕೇಳಿದ್ದು ಸಿ2 ಮೇಲೆ. 2018ರ ಬಜೆಟ್ಟಿನಲ್ಲಿ "ಒಂದೂವರೆ ಪಟ್ಟು" ಎಂದು ಡಂಗುರ ಹೊಡೆದ ಕೇಂದ್ರ ಸರ್ಕಾರ ಹಿಡಿದದ್ದು ಎ2 ಪ್ಲಸ್ ಎಫ್‌ಎಲ್. ಆ ಬೆಲೆಯಾದರೂ ಮಂಡಿಯಲ್ಲಿ ಎಷ್ಟು ಜನಕ್ಕೆ ಸಿಗುತ್ತೆ, ನಿಮಗೇ ಗೊತ್ತು.

ಈ ನಡುವಿನ ಕಂದಕ ತುಂಬುತ್ತಿರೋದು ಯಾರು? ನಿಮ್ಮ ಮನೆಯ ಬಿಂದಿಗೆ, ಚಪ್ಪಲಿ, ಕೌದಿ! ದೆಹಲಿಯಲ್ಲಿ ಹರಿದ ಬೆಲೆಗೆ ನಮ್ಮ ಹೆಣ್ಣುಮಕ್ಕಳು ರಾತ್ರಿ ಕೂತು ಹೊಲಿಗೆ ಹಾಕ್ತಿದ್ದಾರೆ. ಆ ಕೂಲಿ ಯಾವ ಲೆಕ್ಕದಲ್ಲೂ ಇಲ್ಲ.

ಸಾಲಕ್ಕೂ ನಾವು ತೇಪೆಯನ್ನೇ ಹಾಕ್ತಿದ್ದೀವಿ. ಗಡುವು ಬಂದಾಗ ಬಡ್ಡಿಯವನ ಹತ್ತಿರ ನಾಲ್ಕು ದಿನಕ್ಕೆ ತಂದು ಸೊಸೈಟಿಗೆ ಕಟ್ಟೋದು, ಮತ್ತೆ ಸಾಲ ಎತ್ತಿ ಅವನಿಗೆ ಕೊಡೋದು. ಪುಸ್ತಕದಲ್ಲಿ ಸಾಲ ಹೊಸದು, ತೂತು ಹಳೇದು. ಹಿಂದೆ ವಸೂಲಿಗೆ ಬಂದವರು ಇದೇ ತೇಪೆಯ ಪಾತ್ರೆ ಪಗಡಗಳನ್ನೂ ಜಫ್ತಿ ಮಾಡುತ್ತಿದ್ದರು. 1980ರ ದಶಕದಲ್ಲಿ ರೈತ ಸಂಘ ಊರ ಬಾಗಿಲಿಗೆ ಬೋರ್ಡು ಹಾಕಿ, ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಎಂದಿತು. ಆ ಧೈರ್ಯ ಯಾಕೆ ಬಂತು? ಬಾಕಿ ಇರೋದು ಯಾರದು ಅಂತ ರೈತ ಲೆಕ್ಕ ಹಾಕಿದ್ದರಿಂದ.

ಒಂದು ಎಚ್ಚರಿಕೆ. ಫ್ಯೂಸ್ ಹೋದರೆ ಕೈಗೆ ಸಿಕ್ಕ ದಪ್ಪ ತಂತಿ ಕಟ್ಟಬೇಡಿ. ಬಿಂದಿಗೆಯ ತೇಪೆ ಬಿಟ್ಟರೆ ನೀರು ಹೋಗುತ್ತೆ. ಇಲ್ಲಿ ಮನೆ ಸುಡುತ್ತೆ, ಜೀವ ಹೋಗುತ್ತೆ. ಬಡತನ ಅಲ್ಲಿವರೆಗೆ ನಮ್ಮನ್ನು ತಳ್ಳಬಾರದು.

ಈಗ ಮಾಡಬೇಕಾದ್ದು ಇಷ್ಟು. ಮಕ್ಕಳ ಹಳೇ ನೋಟ್‌ಬುಕ್ ಒಂದನ್ನು ತೆಗೆದುಕೊಳ್ಳಿ. ಈ ವರ್ಷ ಏನೇನಕ್ಕೆ ತೇಪೆ ಹಾಕಿದಿರಿ, ಹೊಸದಾದರೆ ಎಷ್ಟಾಗುತ್ತಿತ್ತು, ಯಾರು ಎಷ್ಟು ಹೊತ್ತು ಕೂತರು, ಬರೆಯಿರಿ. ಮನೆಯ ಹೆಣ್ಣುಮಕ್ಕಳನ್ನು ಕೇಳಿ ಬರೆಯಿರಿ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕ ತನ್ನಿ. ಸಾಲದ ನೋಟೀಸು ಹಿಡಿದು ಬಂದವರ ಮುಂದೆ ಅದನ್ನು ಗಟ್ಟಿಯಾಗಿ ಓದೋಣ.