ಹವ್ಯಾಸ ಎನ್ನಬೇಡಿ

‘ಹವ್ಯಾಸ’ ಎಂಬ ಪದದ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಪದ ತನ್ನಷ್ಟಕ್ಕೆ ಕೆಟ್ಟದ್ದೇನಲ್ಲ. ಅಂಚೆಚೀಟಿ ಕೂಡಿಡುವುದು ಹವ್ಯಾಸ. ಬೆಳಗಿನ ವಾಯುವಿಹಾರವೂ ಬೇಕಾದರೆ ಹವ್ಯಾಸವೇ. ಆದರೆ ಒಬ್ಬ ಹೆಂಗಸು ಮೂವತ್ತು ವರ್ಷ ಸೂಜಿ ಹಿಡಿದು, ಕನ್ನಡಕದ ನಂಬರು ಏರಿಸಿಕೊಂಡು, ಎಳೆ ಎಣಿಸಿ ಎಣಿಸಿ ಸೀರೆಯ ಸೆರಗಿನಲ್ಲಿ ಒಂದು ರಥವನ್ನು ತಂದು ನಿಲ್ಲಿಸಿದರೆ ಅದನ್ನೂ ಹವ್ಯಾಸ ಎನ್ನುತ್ತಾರಲ್ಲ, ಆಗ ಅದು ನನ್ನ ಕಿವಿಗೆ ಬೈಗುಳದ ಹಾಗೆ ಕೇಳಿಸುತ್ತದೆ. ಅದೇ ಊರಿನಲ್ಲಿ ಒಬ್ಬ ಗಂಡಸು ಕ್ಯಾನ್ವಾಸಿನ ಮೇಲೆ ನಾಲ್ಕು ಬಣ್ಣ ಬಳಿದರೆ ಸಾಕು, ಅವನು ಕಲಾವಿದ. ಈ ತಕ್ಕಡಿಯನ್ನು ಯಾರು ಮಾಡಿಟ್ಟರು?

ಸುಮ್ಮನೆ ಊಹೆಯ ಮಾತು ಆಡುತ್ತಿಲ್ಲ. ಎರಡು ವರ್ಷದ ಹಿಂದೆ ನಾವು ನಾಲ್ವರು ಗೆಳತಿಯರು ಸೇರಿ ನಮ್ಮೂರಿನಲ್ಲಿ ಮೂರು ದಿನದ ಕಲಾಪ್ರದರ್ಶನವೊಂದನ್ನು ಇಟ್ಟೆವು. ಒಬ್ಬಳು ಬ್ಯಾಂಕಿನಲ್ಲಿದ್ದವಳು, ಜಲವರ್ಣದಲ್ಲಿ ಚಿತ್ರ ಬರೆಯುತ್ತಾಳೆ. ಇನ್ನೊಬ್ಬಳು ಧಾರವಾಡದ ಕಡೆಯವಳು, ಕಸೂತಿ ಅವಳ ಕೈಗೆ ತಾಯಿಯಿಂದ ಬಂದದ್ದು. ಮೂರನೆಯವಳು ಸಾಗರದ ಕಡೆಯ ದೀವರ ಮನೆಯ ಮಗಳು, ಹಸೆ ಚಿತ್ತಾರ ಬರೆಯುತ್ತಾಳೆ. ನಾನು ಕಪ್ಪು ಶಾಯಿಯಲ್ಲಿ ಊರಿನ ಹಳೆಯ ಮನೆಗಳ ರೇಖಾಚಿತ್ರ ಬರೆಯುತ್ತೇನೆ. ನಮ್ಮ ಸಾಮಗ್ರಿ ಬೇರೆ ಬೇರೆ, ಸ್ನೇಹ ಒಂದೇ. ನಾಲ್ಕನ್ನೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನೋಡಬೇಕು ಎಂಬುದಷ್ಟೇ ನಮ್ಮ ಆಸೆಯಾಗಿತ್ತು.

ಸಭಾಭವನದ ಉಸ್ತುವಾರಿಯವರು ಬಂದು ಎಲ್ಲವನ್ನೂ ನೋಡಿದರು. “ಫ್ರೇಮು ಹಾಕಿದ್ದೆಲ್ಲ ಒಳಗೆ ಗೋಡೆಗೆ ಇರಲಿ ಮೇಡಂ, ಈ ಕೈಕೆಲಸದ ಸಾಮಾನನ್ನು ಹೊರಗೆ ಚಹಾದ ಟೇಬಲ್ಲಿನ ಪಕ್ಕ ಹಾಸಿಬಿಡಿ, ಹೆಂಗಸರು ಕೊಳ್ಳುತ್ತಾರೆ” ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕೈಕೆಲಸ! ಹಾಗಾದರೆ ಜಲವರ್ಣವನ್ನು ಕಾಲಿನಲ್ಲಿ ಬರೆಯುತ್ತಾರೆಯೇ? ಅರ್ಧ ಗಂಟೆ ವಾದ ಮಾಡಿ, ಸೀರೆಯನ್ನೂ ಚಿತ್ತಾರವನ್ನೂ ಒಳಗಿನ ಗೋಡೆಗೇ ಏರಿಸಿದೆವು. ಉದ್ಘಾಟನೆಗೆ ಬಂದ ಅತಿಥಿಗಳು, ಮನೆಗೆಲಸ ಮುಗಿಸಿ ಬಿಡುವಿನ ವೇಳೆಯಲ್ಲಿ ಇಷ್ಟೆಲ್ಲ ಮಾಡಿದ್ದಾರಲ್ಲ ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಬಿಡುವು! ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ನಿದ್ದೆಯಿಂದ ಕಿತ್ತುಕೊಂಡ ಗಂಟೆಗೆ ಬಿಡುವು ಎಂದು ಹೆಸರು.

ನಾನು ಮೇಷ್ಟ್ರ ಜಾತಿಯವಳು, ಲೆಕ್ಕ ಮಾಡದೆ ಬಿಡುವವಳಲ್ಲ. ಆ ಇಳಕಲ್ ಸೀರೆಯ ಕಸೂತಿಗೆ ನನ್ನ ಗೆಳತಿ ಐದು ತಿಂಗಳು, ದಿನಕ್ಕೆ ಮೂರು ಗಂಟೆ ಕೂತಿದ್ದಳು. ಅಂದರೆ ಸುಮಾರು 450 ಗಂಟೆ. ಸೀರೆಗೂ ನೂಲಿಗೂ 2,800 ರೂಪಾಯಿ ಖರ್ಚು. ಅವಳು ಇಟ್ಟ ಬೆಲೆ 12,000. ಕಳೆದು ಭಾಗಿಸಿದರೆ ಗಂಟೆಗೆ 20 ರೂಪಾಯಿ ಚಿಲ್ಲರೆ. ನನ್ನ ಒಂದು ರೇಖಾಚಿತ್ರಕ್ಕೆ ಹಿಡಿದದ್ದು ಒಂದು ಸಂಜೆಯ ಮೂರು ಗಂಟೆ. ಕಾಗದ, ಗಾಜು, ಫ್ರೇಮಿಗೆ 600 ರೂಪಾಯಿ, ಬೆಲೆ 1,500. ಅಂದರೆ ಗಂಟೆಗೆ 300. ನನ್ನ ಚಿತ್ರ ಕೊಂಡವರು ಚೌಕಾಸಿ ಮಾಡಲಿಲ್ಲ, ಕವರಿನಲ್ಲಿ ಹಣ ಇಟ್ಟು ಕೊಟ್ಟರು. ಸೀರೆ ನೋಡಿದ ಒಬ್ಬ ಮಹಾತಾಯಿ, “ಮೆಶಿನ್ ಕಸೂತಿದು ಎರಡು ಸಾವಿರಕ್ಕೆ ಸಿಗುತ್ತಲ್ಲ, ಮೂರಕ್ಕೆ ಕೊಡಿ” ಎಂದರು. ನನ್ನ ಗೆರೆ ಅವಳ ಹೊಲಿಗೆಗಿಂತ ಹದಿನೈದು ಪಟ್ಟು ಹೆಚ್ಚಿನದು ಎಂದು ನಾನು ಒಪ್ಪಲಾರೆ. ವ್ಯತ್ಯಾಸ ಇದ್ದದ್ದು ಗಾಜಿನಲ್ಲಿ, ನಾಲ್ಕು ಮರದ ಪಟ್ಟಿಯಲ್ಲಿ.

ಕಸೂತಿ ಎಂದರೆ ಏನು ಗೊತ್ತೆ? ಬಟ್ಟೆಯ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ಆನೆಯ ಸೊಂಡಿಲು ಕಾಲಿಗೆ ಅಂಟುತ್ತದೆ. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿ, ಮುರಗಿಯಲ್ಲಿ ಹೊಲಿದರೆ ಬಟ್ಟೆಯ ಒಳಮೈಯೂ ಹೊರಮೈಯಷ್ಟೇ ಚೆಂದ. ಹಸೆ ಚಿತ್ತಾರದವಳ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅವಳ ಬಣ್ಣ ಅಂಗಡಿಯದ್ದಲ್ಲ. ಅಕ್ಕಿಹಿಟ್ಟಿನಿಂದ ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಹುರಿದು ಕರಕಾದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ. ಕುಂಚ ಪುಂಡಿನಾರಿನದು. ಸ್ಕೇಲಿಲ್ಲದೆ ಅವಳು ಎಳೆಯುವ ಗೆರೆ ನನ್ನ ಶಾಲೆಯ ಡ್ರಾಯಿಂಗ್ ಪರೀಕ್ಷೆ ಪಾಸಾದವರಿಗೂ ಬರುವುದಿಲ್ಲ. ಇಷ್ಟು ವಿದ್ಯೆ ಇದ್ದೂ ಅದಕ್ಕೆ ಚಹಾದ ಟೇಬಲ್ಲಿನ ಪಕ್ಕದ ಜಾಗ. ಹಿತ್ತಲ ಗಿಡ ಮದ್ದಲ್ಲ!

ಈ ಪಂಕ್ತಿಭೇದ ನಮ್ಮೂರಿನದು ಮಾತ್ರ ಎಂದು ತಿಳಿಯಬೇಡಿ. 1919ರಲ್ಲಿ ಜರ್ಮನಿಯ ವೈಮರಿನಲ್ಲಿ ಶುರುವಾದ ಬಾಹೌಸ್ ಎಂಬ ಹೆಸರಾಂತ ಕಲಾಶಾಲೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಸಾರಿತ್ತು. ಆದರೆ ಸೇರಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ಸಾಗಹಾಕಿದ್ದು ನೇಯ್ಗೆಯ ವಿಭಾಗಕ್ಕೆ. ಮೆತ್ತಗಿನ ನೂಲು ಹೆಂಗಸರಿಗೆ ಎಂಬ ಲೆಕ್ಕ. ಹಾಗೆ ಮಗ್ಗದ ಮುಂದೆ ಕೂತವರಲ್ಲಿ ಆನಿ ಆಲ್ಬರ್ಸ್ ಒಬ್ಬಳು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವಳೊಬ್ಬಳದೇ ಪ್ರದರ್ಶನ ನಡೆಯಿತು. ನೇಯ್ದವರೊಬ್ಬರಿಗೆ ಅಲ್ಲಿ ಆ ಮಾನ ಸಿಕ್ಕಿದ್ದು ಅದೇ ಮೊದಲು.

ನಮ್ಮ ದೇಶದಲ್ಲೂ ನಳಿನಿ ಮಲಾನಿ, ಮಾಧ್ವಿ ಪಾರೇಖ್, ನೀಲಿಮಾ ಶೇಖ್, ಅರ್ಪಿತಾ ಸಿಂಗ್ ಎಂಬ ನಾಲ್ವರು ಗೆಳತಿಯರು 1987ರಿಂದ 1989ರವರೆಗೆ ‘ಥ್ರೂ ದ ಲುಕಿಂಗ್ ಗ್ಲಾಸ್’ ಎಂಬ ಪ್ರದರ್ಶನವನ್ನು ಐದು ಕಡೆ ಒಯ್ದರು. ಮಾಧ್ವಿ ಗುಜರಾತಿನ ಹಳ್ಳಿಯವರು, ಯಾವ ಕಲಾಶಾಲೆಯಲ್ಲೂ ಕಲಿತವರಲ್ಲ. ಅರ್ಪಿತಾ ನೇಕಾರರ ಸೇವಾಕೇಂದ್ರದಲ್ಲಿ ವಿನ್ಯಾಸದ ಕೆಲಸ ಮಾಡಿದ್ದವರು. ಯಾರೂ ಒಬ್ಬರ ಹಾಗೆ ಇನ್ನೊಬ್ಬರು ಬರೆಯಲಿಲ್ಲ. ಆದರೂ ಒಂದೇ ಗೋಡೆಗೆ ನಿಂತರು. ಅವರು ಒಬ್ಬೊಬ್ಬರೇ ಹೋಗಿ ಬಾಗಿಲು ತಟ್ಟುತ್ತ ಕೂತಿದ್ದರೆ ಎಷ್ಟು ಬಾಗಿಲು ತೆರೆಯುತ್ತಿದ್ದವೋ! ಗೆಳೆತನವೆಂದರೆ ಹರಟೆ ಎನ್ನುವವರು ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳಲಿ.

ಇನ್ನು ನಮ್ಮ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರನ್ನು ನೋಡಿ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ನು ಎಂದು ಎಲ್ಲ ಕಡೆ ಕಲಿತವರು. ಅಷ್ಟು ಕಲಿತು 1990ರ ದಶಕದಲ್ಲಿ ಅವರು ಕೈಗೆತ್ತಿಕೊಂಡದ್ದು ಸಗಣಿಯನ್ನು, ಸೂಜಿ ದಾರವನ್ನು, ಕುಂಕುಮವನ್ನು. 1998ರ ಒಂದು ಕೃತಿಯಲ್ಲಿ ಸೂಜಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಕುಂಕುಮ, ಅಂಟಿನಲ್ಲಿ ಅದ್ದಿ ಕೆಂಪು ಹಗ್ಗ ಮಾಡಿ ಕೋಣೆಯಲ್ಲಿ ತೂಗುಬಿಟ್ಟರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ಜಗತ್ತೇ ನಿಂತು ನೋಡಿತು. ನಮ್ಮ ಅಜ್ಜಿಯರ ಕೈಯಲ್ಲಿದ್ದ ಸಾಮಾನುಗಳೇ ಅಲ್ಲವೇ ಅವು? ಅವನ್ನು ಹಿಡಿದ ಕಲಾವಿದೆಗೆ ಸಿಕ್ಕ ಮಾನ ಸರಿಯಾದದ್ದೇ. ಹಾಗಾದರೆ ನೂಲು ಕೀಳಲ್ಲ, ಸಗಣಿಯೂ ಕೀಳಲ್ಲ ಎಂದಾಯಿತಲ್ಲ? ಮತ್ತೆ ನಮ್ಮೂರಿನ ಹೆಂಗಸು ಹಿಡಿದಾಗ ಮಾತ್ರ ಅದು ಹೇಗೆ ಕೀಳಾಗುತ್ತದೆ?

“ಹಾಗಾದರೆ ಮನೆಯಲ್ಲಿ ಹೆಣೆದ ಪ್ರತಿಯೊಂದು ಟಿವಿ ಕವರೂ ಕಲೆಯೇ?” ಎಂದು ಕೇಳುವವರಿದ್ದಾರೆ. ಅಲ್ಲ. ಪುಸ್ತಕದ ನಕ್ಷೆ ಇಟ್ಟುಕೊಂಡು ಮಾಡಿದ ಗಿಳಿ ಕಲೆಯಲ್ಲ. ಕ್ಯಾಲೆಂಡರ್ ನೋಡಿ ಬರೆದ ತೈಲವರ್ಣದ ಸೂರ್ಯಾಸ್ತವೂ ಕಲೆಯಲ್ಲ. ಗಟ್ಟಿ ಜೊಳ್ಳು ಎಲ್ಲ ಕಣಜದಲ್ಲೂ ಇದೆ. ತೂರಿ ನೋಡಿ, ಬೇಡ ಎನ್ನುವುದಿಲ್ಲ. ಆದರೆ ಮೊರ ಒಂದೇ ಇರಲಿ. ಭೋಪಾಲದ ಭಾರತ ಭವನ 1982ರಲ್ಲಿ ತೆರೆದಾಗ ಚಿತ್ರಕಾರ ಜೆ. ಸ್ವಾಮಿನಾಥನ್ ಆದಿವಾಸಿಗಳ, ಹಳ್ಳಿಯವರ ಕೃತಿಗಳನ್ನೂ ಪೇಟೆಯ ಕಲಾವಿದರ ಕೃತಿಗಳನ್ನೂ ಒಂದೇ ಸೂರಿನಡಿ ತಂದರು. ದೊಡ್ಡ ಸಂಗ್ರಹಾಲಯಕ್ಕೆ ಆದದ್ದು ನಮ್ಮ ತಾಲ್ಲೂಕಿನ ಸಭಾಭವನಕ್ಕೆ ಆಗದೆ?

ಇನ್ನು ನಿಮಗೆ, ಅಂದರೆ ಓದುತ್ತಿರುವ ಅಕ್ಕತಂಗಿಯರಿಗೆ. ಹೊರಗಿನವರಿಗಿಂತ ಮೊದಲು ನಾವೇ ನಮ್ಮ ಕೆಲಸವನ್ನು ಕೆಳಗಿಡುತ್ತೇವೆ. ಯಾರಾದರೂ ಚೆನ್ನಾಗಿದೆ ಎಂದರೆ ಸಾಕು, “ಏನೋ, ಸುಮ್ಮನೆ ಹೊತ್ತು ಹೋಗಲಿ ಅಂತ ಮಾಡಿದ್ದು” ಎನ್ನುತ್ತೇವೆ. ಆ ‘ಸುಮ್ಮನೆ’ಯನ್ನು ಬಿಡಿ. 450 ಗಂಟೆ ಯಾರೂ ಸುಮ್ಮನೆ ಕೂರುವುದಿಲ್ಲ. ಎಷ್ಟು ದಿನ ಹಿಡಿಯಿತು ಎಂದು ಬರೆದಿಡಿ, ಬೆಲೆ ಕೇಳಿದರೆ ಕಣ್ಣಿಗೆ ಕಣ್ಣಿಟ್ಟು ಹೇಳಿ. ಕೊಳ್ಳಲು ಹೋದಾಗ ಗೆಳತಿಯ ಹೊಲಿಗೆಯನ್ನು ಯಂತ್ರದ ಹೊಲಿಗೆಯ ಜೊತೆ ಹೋಲಿಸಬೇಡಿ. ನಿಮ್ಮೂರಿನಲ್ಲಿ ಚಿತ್ರ ಬರೆಯುವವಳು, ಹೊಲಿಯುವವಳು, ಮಣ್ಣು ಹದ ಮಾಡುವವಳು ಇದ್ದರೆ ಕೂಡಿ ಒಂದು ಪ್ರದರ್ಶನ ಇಡಿ. ಮಣ್ಣಿನ ಗಡಿಗೆಗೂ ತೈಲಚಿತ್ರಕ್ಕೂ ಒಂದೇ ಅಳತೆಯ ಹೆಸರು ಚೀಟಿ ಅಂಟಿಸಿ.

ಬಟ್ಟೆಯ ಮೂಲೆಯಲ್ಲಿ ಹೆಸರನ್ನೂ ಹೊಲಿಯಿರಿ. ಚಿತ್ರಕಾರ ತನ್ನ ಚಿತ್ರದ ಕೆಳಗೆ ಸಹಿ ಹಾಕಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನೀವೂ ಕೇಳಬೇಕಾಗಿಲ್ಲ.