ಹನ್ನೆರಡರಿಂದ ಹದಿನೆಂಟು

2025ರ ಮೇ 20ರಂದು ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹಾಸನ ಜಿಲ್ಲೆ ಹಿಗ್ಗಿತು. ನಾಲ್ಕು ತಿಂಗಳು ತುಂಬುವ ಮೊದಲೇ ಅದೇ ಹೆಸರು ದಸರಾ ಉದ್ಘಾಟನೆಯ ಜಗಳಕ್ಕೆ ಸಿಕ್ಕಿಕೊಂಡಿತು. ಹೈಕೋರ್ಟು, ಅದರ ಬೆನ್ನಿಗೇ ಸುಪ್ರೀಂ ಕೋರ್ಟು, ಅವರು ಉದ್ಘಾಟಿಸಕೂಡದೆಂಬ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ನೆರವೇರಿಸಿದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು, ನಮ್ಮ ಓರಗೆಯ ಪತ್ರಿಕೆಗಳು ಮುಗಿಯಗೊಡಲಿಲ್ಲ. ಪರ ವಿರೋಧದ ಆ ಪುಟಗಳ ನಡುವೆ ಒಂದು ಸಂಗತಿ ಕಳೆದೇಹೋಯಿತು. ಎಂಟನೆಯ ವಯಸ್ಸಿನಲ್ಲಿ ಬಾನು ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಕಾನ್ವೆಂಟಿಗೆ ಸೇರಿಸಿಕೊಂಡಾಗ, ಆರು ತಿಂಗಳೊಳಗೆ ಕನ್ನಡ ಓದುಬರಹ ಕಲಿಯಬೇಕೆಂದು ಷರತ್ತು ಹಾಕಿದ್ದರು. ಆ ಹುಡುಗಿ ಕೆಲವೇ ದಿನಗಳಲ್ಲಿ ಕಲಿತಳು. ಕಲಿತ ಶಕ್ತಿ ಅವಳದೇ. ಆದರೆ ಬಾಗಿಲು ತೆಗೆದ ಶಾಲೆಯೊಂದಿತ್ತು, ಕಲಿಸುವವರಿದ್ದರು, ಮಗಳನ್ನು ಓದಿಸಲೇಬೇಕೆಂದ ತಂದೆಯಿದ್ದರು. ಇದೇ ಜಿಲ್ಲೆಯ ವನಗೂರು, ಹೆತ್ತೂರು, ಯಸಳೂರು ಕಡೆಯ ಹದಿಮೂರರ ಹುಡುಗಿಗೆ ಇವುಗಳಲ್ಲಿ ಯಾವುದು ಸಿಗುತ್ತಿದೆ ಎಂಬ ಪ್ರಶ್ನೆಗೆ ಆ ಪುಟಗಳಲ್ಲಿ ಜಾಗ ಸಿಗಲಿಲ್ಲ. ಹದಿಹರೆಯದ ಹುಡುಗಿಯರಿಗಾಗಿ ದುಡಿಯುವ ಸಂಸ್ಥೆಗಳು ಏನು ಮಾಡಬೇಕು ಎಂಬುದು ಈ ಸಂಚಿಕೆಯ ವಿಷಯ.

ತೋಟದ ಸೀಮೆಯಲ್ಲಿ ಈ ವಯಸ್ಸು ಕಾಯಿದೆಯ ಕಣ್ಣಿಗೇ ಬೀಳಲಿಲ್ಲ. ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚಿರುವ ಕಡೆ ಮಾಲೀಕರೇ ಶಿಕ್ಷಣದ ಸೌಲಭ್ಯ ಒದಗಿಸುವಂತೆ ಸರ್ಕಾರ ನಿಯಮ ಮಾಡಬಹುದು ಎಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು. ಎಣಿಸಿದ್ದು ಮಾತ್ರ 6ರಿಂದ 12 ವರ್ಷದವರನ್ನು. 2009ರ ಶಿಕ್ಷಣ ಹಕ್ಕು ಕಾಯಿದೆ 14ಕ್ಕೆ ನಿಂತಿತು. ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ಅಂದರೆ ಹದಿನಾಲ್ಕು ದಾಟಿದ ಹುಡುಗಿಗೆ ಏನು ಮಾಡಕೂಡದು ಎಂದು ಕಾಯಿದೆ ಹೇಳುತ್ತದೆ, ಏನು ಕೊಡಬೇಕು ಎಂದು ಹೇಳುವುದಿಲ್ಲ. ಲೈನ್ ಮನೆಯ ಹುಡುಗಿಯೊಬ್ಬಳು ಡಿಸೆಂಬರಿನಲ್ಲಿ ಅಮ್ಮನ ಜೊತೆ ಕಾಫಿ ಹಣ್ಣು ಕೊಯ್ಯಲು ಹೋದರೆ, ಫೆಬ್ರವರಿಯಲ್ಲಿ ಅವಳು ತರಗತಿಗೆ ಮರಳಲು ಕಾರಣವೇ ಉಳಿದಿರುವುದಿಲ್ಲ.

ಈ ತೆರಪು ತುಂಬಲು ಸಂಸ್ಥೆಗಳು ಬಂದಿವೆ. ಹೆಚ್ಚಿನವು ಬರುವುದು ತಿಳಿವಳಿಕೆ ಹೇಳುವುದಕ್ಕೆ: ಬೇಗ ಮದುವೆಯಾಗಬೇಡಿ, ಶಾಲೆ ಬಿಡಬೇಡಿ, ಧೈರ್ಯವಾಗಿ ಮಾತಾಡಿ. ಇದಕ್ಕಿಂತ ಅಚ್ಚುಕಟ್ಟಾಗಿ ಈ ಕೆಲಸ ಮಾಡಿದವರು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನವರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ‘ಸಮತಾ’ ಯೋಜನೆಯಲ್ಲಿ ಅವರು ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರ ಗುಂಪು ಕಟ್ಟಿದರು. ಅಪ್ಪ ಅಮ್ಮಂದಿರ ಜೊತೆ, ಹುಡುಗರ ಜೊತೆ, ಶಾಲೆಗಳ ಜೊತೆ ಕೂತು ಮಾತಾಡಿದರು. ಫಲ ಸಿಕ್ಕಿತೇ ಎಂದು 2014ರಿಂದ 2017ರವರೆಗೆ ಒರೆಗೂ ಹಚ್ಚಿದರು: 80 ಹಳ್ಳಿಗಳಲ್ಲಿ ಅರ್ಧದಲ್ಲಿ ಯೋಜನೆ ನಡೆಯಿತು, ಇನ್ನರ್ಧದಲ್ಲಿ ನಡೆಯಲಿಲ್ಲ. ಕೊನೆಗೆ ನೋಡಿದರೆ ಎರಡೂ ಕಡೆ ಹೆಚ್ಚೂಕಡಿಮೆ ನಾಲ್ವರಲ್ಲೊಬ್ಬಳು ಶಾಲೆ ಬಿಟ್ಟಿದ್ದಳು, ಹತ್ತರಲ್ಲೊಬ್ಬಳಿಗೆ ಮದುವೆಯಾಗಿತ್ತು. ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಆ ಟ್ರಸ್ಟಿಗೆ ನಾವು ಕೈಮುಗಿಯಬೇಕು. ಸರ್ಕಾರದ ಯೋಜನೆಗಳು ಎಲ್ಲ ಹಳ್ಳಿಗಳನ್ನೂ ತಲುಪಿದ್ದರಿಂದ ವ್ಯತ್ಯಾಸ ಕಾಣಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೆ ತಿಳಿವಳಿಕೆ ಈಗಾಗಲೇ ಹಳ್ಳಿಗೆ ಬಂದಿದೆ ಎಂದಾಯಿತು, ಅದನ್ನೇ ಮತ್ತೆ ಹೊತ್ತು ತರುವುದರಿಂದ ಏನು ಬಂತು? ಹುಡುಗಿಗೂ ಅವಳ ತಾಯಿಗೂ ಓದಿನ ಬೆಲೆ ಗೊತ್ತಿದೆ. ಗೊತ್ತಿದ್ದೂ ಬಿಡಬೇಕಾಗುತ್ತಿದೆ. ಕೈಗೊಂದು ವಿದ್ಯೆ ಹತ್ತಿ, ಇದು ನನಗೆ ಬರುತ್ತದೆ ಎಂದು ಅವಳಿಗೂ ಮನೆಯವರಿಗೂ ಅನ್ನಿಸಿದಾಗ ಮನೆಯೊಳಗಿನ ಲೆಕ್ಕ ಬದಲಾಗುತ್ತದೆ ಎಂಬುದು ನಮ್ಮ ನಂಬಿಕೆ. ‘ಸಮತಾ’ದ ಅಂಕಿಗಳು ಇದನ್ನು ಸಾಬೀತು ಮಾಡುವುದಿಲ್ಲ, ಬರಿಯ ಮಾತಿನಿಂದ ಆಗದು ಎಂಬಷ್ಟನ್ನು ಮಾತ್ರ ಹೇಳುತ್ತವೆ.

ಪ್ರತಿಭೆಗೆ ಪ್ರತಿಭಾ ಕಾರಂಜಿ ಇದೆಯಲ್ಲ ಎನ್ನುತ್ತಾರೆ. ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ ಎಂದು ಏರುವ ಆ ಸ್ಪರ್ಧೆ ಕಲಿತುಬಂದ ಮಕ್ಕಳಿಗೆ ಬಹುಮಾನ ಕೊಡುತ್ತದೆ. ಕಲಿಸುವ ಹೊಣೆ ಅದರದಲ್ಲ. ಸಂಗೀತಕ್ಕೆ, ಚಿತ್ರಕ್ಕೆ ಪಟ್ಟಣದಲ್ಲಿ ಪಾಠವಿರುವ ಹುಡುಗಿಯ ಪಕ್ಕದಲ್ಲಿ ಶಾಲೆಯಲ್ಲಿ ಆ ಮೇಷ್ಟ್ರೇ ಇಲ್ಲದ ಹುಡುಗಿಯನ್ನು ನಿಲ್ಲಿಸಿ ಅಂಕ ಹಾಕಿದರೆ, ನಾವು ಅಳೆದದ್ದು ಯಾರ ಪ್ರತಿಭೆಯನ್ನು? ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರು ಇನ್ನೊಂದನ್ನೂ ಮರೆಯುತ್ತಾರೆ. ಶಾಲೆ ಬಿಟ್ಟ ಮೇಲಿನ ಎರಡು ಗಂಟೆಯ ಮೇಲೆ ಅವರ ಕಾರ್ಯಕ್ರಮವೆಲ್ಲ ನಿಂತಿರುತ್ತದೆ. ಸಕಲೇಶಪುರ, ಆಲೂರಿನ ಕಾಡಂಚಿನಲ್ಲಿ ಆ ಎರಡು ಗಂಟೆ ಆನೆಗಳದು. ಅರಣ್ಯ ಇಲಾಖೆ ಮೊಬೈಲಿಗೆ ಆನೆಯ ಸುಳಿವಿನ ಸಂದೇಶ ಕಳಿಸುವ ಊರಿನಲ್ಲಿ, ಸಂಜೆ ತರಗತಿಗೆ ಮಗಳನ್ನು ಕಳಿಸದ ತಂದೆಯನ್ನು ಹಳೆಯ ಕಾಲದವನೆಂದು ಬರೆದುಕೊಳ್ಳುವುದು ಅನ್ಯಾಯ. ಮೇಷ್ಟ್ರು ಶಾಲೆಯ ಹೊತ್ತಿನಲ್ಲೇ, ಶಾಲೆಯೊಳಗೇ ಬರಬೇಕು. ವರ್ಷಕ್ಕೊಂದು ಶಿಬಿರ ಸಾಲದು. ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಅದೇ ಮೇಷ್ಟ್ರು, ಅದೇ ಹುಡುಗಿಯರು, ಅದೇ ವಿದ್ಯೆ: ಹಾಡು, ಕಬಡ್ಡಿ, ಕತೆ ಬರೆಯುವುದು, ಗಣಿತ, ಏನಾದರೂ ಸರಿ.

ಇಷ್ಟು ಕೆಲವರಿಗಷ್ಟೇ ಸಿಕ್ಕೀತು, ಉಳಿದವರ ಗತಿಯೇನು ಎಂಬ ಆಕ್ಷೇಪಣೆ ತೂಕದ್ದೇ. ಸಾವಿರ ಹುಡುಗಿಯರಿಗೆ ಒಂದು ಮಧ್ಯಾಹ್ನದ ಭಾಷಣ ಕೊಡುವುದಕ್ಕಿಂತ ಮೂವತ್ತು ಜನಕ್ಕೆ ಐದು ವರ್ಷದ ಪಾಠ ಕೊಡುವುದನ್ನೇ ನಾವು ಆರಿಸಿಕೊಳ್ಳುತ್ತೇವೆ. ಆ ಮೂವತ್ತರಲ್ಲಿ ಐವರು ಮುಂದೆ ಕಲಿಸುವವರಾದರೆ ಲೆಕ್ಕ ತಾನಾಗಿ ಬೆಳೆಯುತ್ತದೆ. ಸಂಸ್ಥೆಗಳು ಬಾಳುವುದಿಲ್ಲ ಎಂಬ ಇನ್ನೊಂದು ಮಾತಿಗೆ ಮಹಿಳಾ ಸಮಾಖ್ಯವನ್ನು ತೋರಿಸುತ್ತಾರೆ. 1989ರಲ್ಲಿ ಕರ್ನಾಟಕಕ್ಕೆ ಬಂದ ಅದು ಮಹಿಳಾ ಶಿಕ್ಷಣ ಕೇಂದ್ರಗಳಲ್ಲಿ ಶಾಲೆ ಬಿಟ್ಟ ಹುಡುಗಿಯರನ್ನು ಇರಿಸಿಕೊಂಡು ಓದಿಸಿತು. 2016ರಲ್ಲಿ ದೆಹಲಿ ದುಡ್ಡು ನಿಲ್ಲಿಸಿತು. ಕೆಲಸ ಕೆಟ್ಟದ್ದೆಂದು ಅದು ಸೊರಗಲಿಲ್ಲ, ದುಡ್ಡಿನ ಬೇರು ದೂರದಲ್ಲಿತ್ತು. ನಮ್ಮ ದುಡ್ಡಿನ ಬೇರು ಇಲ್ಲೇ ಇದೆ. 2024-25ರಲ್ಲಿ ಕಾಫಿ ಹಿಂದೆಂದೂ ಕಾಣದ ಬೆಲೆ ಕಂಡಿತು, ಆ ಹಣ್ಣನ್ನು ಕೊಯ್ದದ್ದು ಈ ಹುಡುಗಿಯರ ತಾಯಂದಿರು. ಇಬ್ಬರು ಮೇಷ್ಟ್ರ ಸಂಬಳ, ಮಳೆಗಾಲದಲ್ಲಿ ಮಕ್ಕಳನ್ನು ಮನೆ ಮುಟ್ಟಿಸಲು ಒಂದು ಜೀಪು: ಇಷ್ಟನ್ನು ಹೊರಲು ಒಂದು ಹೋಬಳಿಯ ಬೆಳೆಗಾರರಿಗೆ ಆಗುವುದಿಲ್ಲವೇ? ಬೆಳೆಗಾರರ ಸಂಘಗಳು ಡಿಸೆಂಬರಿನ ಕೊಯ್ಲಿಗೆ ಮೊದಲು ಉತ್ತರ ಬರೆಯಲಿ. ಮುಂದಿನ ಸಂಚಿಕೆಯ ಇದೇ ಪುಟವನ್ನು ಅವರಿಗೆ ಬಿಟ್ಟಿದ್ದೇವೆ.